ಒಳಗಿನ ಹಿಡಿಕೆ

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನಿಂದ ಬರಬೇಕಾದ ಆ ಆದೇಶ ಇವತ್ತಿನ ತನಕ ಬಂದಿಲ್ಲ. ಬರುತ್ತದೆಂದು ಕಾದು ಕೂತವರಿಗೆ ಬೇಸರವಾಗಬಾರದು, ಅದಕ್ಕೆ ಹೇಳಿದೆ.

ನಾನು ಮಾರ್ತಾಂಡ. ಗದಗಿನ ಕಚೇರಿ ಎದುರು ಒಂದು ಮೇಜು, ಒಂದು ಬೆಂಚು ಹಾಕಿಕೊಂಡು ಇಪ್ಪತ್ತೆಂಟು ವರ್ಷದಿಂದ ಮಂದಿಯ ಅರ್ಜಿ ಬರೆಯುತ್ತ ಬಂದವನು. ಹೊಲದ ಉತಾರದಲ್ಲಿ ಹೆಸರು ತಪ್ಪಿದೆ, ನಳಕ್ಕೆ ನೀರು ಬಂದಿಲ್ಲ, ಅಣ್ಣ ಬದು ಒತ್ತಿದ್ದಾನೆ, ಇವೇ. ಬಂದವರೆಲ್ಲ ಸರಕಾರದಿಂದ ತಮಗೇನೋ ಬೇಕೆಂದು ಬರುತ್ತಾರೆ. ಅದು ತಪ್ಪೇನಲ್ಲ, ನನ್ನ ಹೊಟ್ಟೆ ತುಂಬುವುದೇ ಅದರಿಂದ. ಆದರೆ ತನಗೆ ಏನೇನೂ ಬೇಡದೆ, ಸರಕಾರ ಒಂದೇ ಒಂದು ಸಾಲಿನ ನಿಯಮ ಮಾಡಲಿ ಎಂದು ಏಳು ವರ್ಷ ಬಿಡದೆ ಅರ್ಜಿ ಬರೆಸಿದವನು ನನ್ನ ಲೆಕ್ಕದಲ್ಲಿ ಒಬ್ಬನೇ. ಬೆಟಗೇರಿಯ ಹುಚ್ಚೀರಪ್ಪ. ಅವನ ಮೇಲೆ ನಾನು ಎಷ್ಟು ಸಲ ರೇಗಿದ್ದೇನೋ ದೇವರಿಗೇ ಗೊತ್ತು.

ಅವನ ಮನೆಯವರು ಮಗ್ಗದವರು. ಇವನಿಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವುದು ಒಗ್ಗಲಿಲ್ಲ. ಹದಿನಾರಕ್ಕೇ ಲಾರಿ ಹತ್ತಿದ, ಕ್ಲೀನರ್ ಆದ, ಡ್ರೈವರ್ ಆದ. ಮದುವೆಯಾಯಿತು, ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ಮತ್ತೆ ಮದುವೆ ಬೇಡ ಎಂದ. ಯಾರದೋ ಹಳೆಯ ಕರಿ ಅಂಬಾಸಿಡರ್ ಕೊಂಡು, ಸ್ಟೇಷನ್ ಹತ್ತಿರ ಬಾಡಿಗೆಗೆ ನಿಲ್ಲಿಸತೊಡಗಿದ. ಆ ಗಾಡಿಯನ್ನು ಒರೆಸುವುದೇನು, ಸೀಟಿಗೆ ತಿಂಗಳಿಗೊಮ್ಮೆ ಹೊಸ ಬಟ್ಟೆ ಹೊದಿಸುವುದೇನು! ಹೆಂಡತಿಗೂ ಅಷ್ಟು ಮಾಡಿರಲಿಕ್ಕಿಲ್ಲ ಪುಣ್ಯಾತ್ಮ. ಆಗಿನ ಕಾಲಕ್ಕೆ ನಮ್ಮ ಕಡೆ ಮದುವೆಗೆ ಕಾರು ಹೇಳುವುದೆಂದರೆ ದೊಡ್ಡಸ್ತಿಕೆ. ಒಂದು ಕಾರಿಗೆ ಹತ್ತು ಮಂದಿ, ಆ ಹತ್ತು ಮಂದಿಯ ತೊಡೆಯ ಮೇಲೆ ಆರು ಹುಡುಗರು.

ಒಂದು ಸಲ ಹುಲಕೋಟಿಯಿಂದ ಬರುವಾಗ ಹಿಂದಿನ ಸೀಟಿನಲ್ಲಿದ್ದ ಒಂದು ಕೂಸು ಆಡುತ್ತ ಆಡುತ್ತ ಬಾಗಿಲಿನ ಹಿಡಿಕೆ ಎಳೆದುಬಿಟ್ಟಿತು. ಓಡುವ ಗಾಡಿಯ ಬಾಗಿಲು ಧಡ್ ಎಂದು ತೆರೆಯಿತು. ಅದರ ಅಜ್ಜಿ ಲಂಗ ಹಿಡಿದು ಒಳಗೆಳೆದುಕೊಂಡಳು, ಕೂಸು ಉಳಿಯಿತು. ಮರುದಿನ ಮುಂಜಾನೆ ಹುಚ್ಚೀರಪ್ಪ ಮೇಸ್ತ್ರಿ ಸಕ್ರಪ್ಪನ ಗ್ಯಾರೇಜಿಗೆ ಹೋಗಿ ಹೇಳಿದ: "ಹಿಂದಿನ ಎರಡೂ ಬಾಗಿಲದ ಒಳಗಿನ ಹಿಡಿಕಿ ತಗದುಬಿಡು. ಕಾಜು ಇಳಸೋ ಹಿಡಿಕಿನೂ ತಗಿ. ಮಂದಿಗೆ ಇಳೀಬೇಕಾದ್ರ ನಾನ ಹೋಗಿ ಹೊರಗಿಂದ ತಗೀತೀನಿ."

ಸಕ್ರಪ್ಪ ತೆಗೆದುಕೊಟ್ಟ. ಹಿಡಿಕೆ ಇದ್ದಲ್ಲಿ ತಗಡಿನಲ್ಲಿ ಒಂದು ತೂತು ಉಳಿಯಿತು, ಅಷ್ಟೇ. ಇದು ಹೇಗೆ ಪಸಂದಾಯಿತು ನೋಡಿ. ಡ್ರೈವರ್ ಕೆಳಗಿಳಿದು, ಸುತ್ತುಹಾಕಿ ಬಂದು, ಬಾಗಿಲು ತೆರೆದು ನಿಲ್ಲುವುದು ಮಂದಿಗೆ ಮರ್ಯಾದೆ ಕೊಟ್ಟ ಹಾಗೆ ಕಂಡಿತು. ಸಾಹೇಬರ ಹಾಗೆ ಇಳಿದರು. ತಾಯಂದಿರಂತೂ ಹರಸಿದ್ದೇ ಹರಸಿದ್ದು. "ಹುಚ್ಚೀರಪ್ಪನ ಗಾಡಿ ಆದ್ರ ಹುಡುಗ್ರ ಕಾಳಜಿ ಇಲ್ಲ ಬಿಡವಾ" ಎಂಬ ಮಾತು ಮುಂಡರಗಿಯ ತನಕ ಹೋಯಿತು. ವರ್ಷ ತುಂಬುವುದರೊಳಗೆ ಸ್ಟ್ಯಾಂಡಿನ ಅರ್ಧ ಗಾಡಿಗಳಿಗೆ ಒಳಗಿನ ಹಿಡಿಕೆ ಇರಲಿಲ್ಲ.

ಎಪ್ಪತ್ತನಾಲ್ಕರ ಮೇ ತಿಂಗಳು. ಶಿಗ್ಲಿಯ ಗಂಡಿನವರು ಲಕ್ಷ್ಮೇಶ್ವರದ ಹೆಣ್ಣಿನ ಮನೆಗೆ ಮದುವೆಗೆ ಹೊರಟಿದ್ದರು. ವರನ ಅತ್ತಿಗೆ ನೀಲಗಂಗವ್ವ ಕಳಸಗಿತ್ತಿ. ಕಳಸ ಕೈಗೆ ತೆಗೆದುಕೊಂಡವಳು ಅದನ್ನು ಇಳಿಸುವವರೆಗೆ ಜಾಗ ಬಿಟ್ಟು ಏಳುವ ಹಾಗಿಲ್ಲ, ನಮ್ಮಲ್ಲಿ ಅದೊಂದು ಕಟ್ಟುನಿಟ್ಟು. ಅವಳಿಗೆ ಇದ್ದದ್ದು ಒಂದೇ ಮಗಳು, ದಾಕ್ಷಾಯಣಿ, ನಾಲ್ಕು ವರ್ಷದ್ದು. ಹುಚ್ಚೀರಪ್ಪ ಹೆಂಗಸರನ್ನೂ ಹುಡುಗರನ್ನೂ ತಂದು ಇಳಿಸಿದ. ಬೀಗರಿಗೆ ಕೊಟ್ಟ ಮನೆಯ ಬೀಗ ಇನ್ನೂ ತೆಗೆದಿರಲಿಲ್ಲವಾದ್ದರಿಂದ ಹಾಸಿಗೆ ಗಂಟುಗಳು ಮುಂದಿನ ಸೀಟಿನಲ್ಲಿ ಛತ್ತಿನ ತನಕ ಹಾಗೆಯೇ ಉಳಿದವು. ನೆರಳಿದ್ದಲ್ಲೆಲ್ಲ ಚಕ್ಕಡಿ ಬಿಟ್ಟಿದ್ದರು. ಬಿಸಿಲಲ್ಲೇ ಗೋಡೆಗೆ ಒತ್ತಿ ಗಾಡಿ ನಿಲ್ಲಿಸಿ, ಧೂಳು ಬರಬಾರದೆಂದು ಮುಂದಿನ ಗಾಜುಗಳನ್ನೂ ಏರಿಸಿ, ಉಣ್ಣಲು ಹೋದ. ಉಂಡು ಒಂದು ಕಟ್ಟೆಯ ಮೇಲೆ ಟವೆಲ್ ಹಾಸಿ ಒರಗಿದ.

ದಾಕ್ಷಿಗೆ ಅವತ್ತೇ ಮೊದಲ ಸಲ ಕಾರು. ಮಂದಿ ಅಕ್ಷತೆಯ ಗದ್ದಲದಲ್ಲಿದ್ದಾಗ ಅದು ತಿರುಗಿ ಗಾಡಿಗೆ ಬಂದಿದೆ. ಹೊರಗಿನಿಂದ ಬಾಗಿಲು ತೆರೆಯುತ್ತಿತ್ತು, ಹತ್ತಿ ಕೂತಿದೆ, ದೊಡ್ಡವರ ಹಾಗೆ ಬಾಗಿಲು ಎಳೆದುಕೊಂಡಿದೆ. ಆ ಕಡೆ ಕಳಸ ಹಿಡಿದು ಕೂತ ನೀಲಗಂಗವ್ವ ಮೂರು ಸಲ ಕೇಳಿದಳು, "ದಾಕ್ಷಿ ಎಲ್ಲಿ?" ಅಂತ. "ನಿಮ್ಮ ಅತ್ತಿ ಹಂತೇಕ ಐತಿ" ಅಂದರು. ಅತ್ತೆ, ಹೆಣ್ಣಿನ ಕಡೆಯವರ ಸೊಂಟದ ಮೇಲಿದೆ ಅಂದುಕೊಂಡಿದ್ದಳು. ಹೆಣ್ಣಿನ ಕಡೆಯವರಿಗೆ ಆ ಕೂಸು ಯಾರದೆಂದೇ ಗೊತ್ತಿರಲಿಲ್ಲ. ಮದುವೆಯಲ್ಲಿ ನಮ್ಮ ಮಕ್ಕಳು ಸೊಂಟದಿಂದ ಸೊಂಟಕ್ಕೆ ಹೋಗುತ್ತವೆ, ಯಾರೂ ಎಣಿಸುವುದಿಲ್ಲ.

ಮೂರು ಗಂಟೆಗೆ ಹಾಸಿಗೆ ಗಂಟು ಇಳಿಸಲೆಂದು ಬಂದ ಹುಚ್ಚೀರಪ್ಪ ಹಿಂದಿನ ಬಾಗಿಲು ತೆರೆದ. ಒಲೆಯ ಬಾಯಿ ತೆರೆದ ಹಾಗೆ ಝಳ ಮುಖಕ್ಕೆ ಬಡಿಯಿತಂತೆ. ಕೂಸು ಅಲ್ಲೇ ಬಾಗಿಲಿಗೆ ಒರಗಿತ್ತು. ಜೀವ ಹೋಗಿ ಎಷ್ಟೊತ್ತಾಗಿತ್ತೋ.

ಪೊಲೀಸ್ ಫೌಜದಾರರು ಬಂದರು, ಪಂಚರು ಸೇರಿದರು, ಆಕಸ್ಮಿಕ ಎಂದು ಬರೆದುಕೊಂಡರು. ಹಿರಿಯರು "ಅದರ ಋಣ ಅಷ್ಟ ಇತ್ತು" ಎಂದರು. ನಿದ್ದೆಯಲ್ಲೇ ಹೋಗಿದೆ, ಪುಣ್ಯದ ಜೀವ ಎಂದರು. ಗಾಡಿಯನ್ನು ಯಾರೂ ತಿರುಗಿ ನೋಡಲಿಲ್ಲ. ಹಿಡಿಕೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮೂರನೆಯ ದಿನ ಶಿರಹಟ್ಟಿಯ ಒಬ್ಬ ವ್ಯಾಪಾರಿ ಬೆಟಗೇರಿಗೆ ಬಂದು, ಮಗಳ ಮದುವೆಗೆ ಗಾಡಿ ಬೇಕು ಎಂದನಂತೆ. ಹುಚ್ಚೀರಪ್ಪ ಅವನ ಕಾಲರ್ ಹಿಡಿದು ಅಂಗಳದಿಂದ ಹೊರಗೆ ನೂಕಿದ. "ನಿನಗ ನನ್ನ ಗಾಡಿನ ಬೇಕಾ? ನಾಚಿಕಿ ಆಗೂದಿಲ್ಲಾ?" ಎಂದು ಕೂಗಾಡಿದ. ಮಂದಿ ಪಾಪ, ತಲೆ ಕೆಟ್ಟಿದೆ ಎಂದು ಸಮಾಧಾನ ಮಾಡಿದರು. ನನಗೆ ಆಮೇಲೆ ತಿಳಿಯಿತು, ಅವನಿಗೆ ತಲೆ ಕೆಡಿಸಿದ್ದೇ ಆ ಸಮಾಧಾನ. ಊರಿನಲ್ಲಿ ಒಬ್ಬನಾದರೂ "ಲೇ, ಇದು ನಿನ್ನ ಕೈಯಿಂದ ಆಗಿದ್ದು" ಎಂದಿದ್ದರೆ ಅವನು ಅವತ್ತೇ ಕೂತು ಅತ್ತು ಹಗುರಾಗುತ್ತಿದ್ದ. ಯಾರೂ ಅನ್ನಲಿಲ್ಲ.

ಸಕ್ರಪ್ಪನ ಕೈಯಿಂದ ಹಿಡಿಕೆಗಳನ್ನು ಮತ್ತೆ ಹಾಕಿಸಿದ. ಸ್ಟ್ಯಾಂಡಿಗೆ ಹೋಗಿ ಒಬ್ಬೊಬ್ಬರಿಗೂ ಹೇಳಿದ, ಹಾಕಿಸಿಕೊಳ್ಳಿರಿ ಅಂತ. "ನಾಳಿ ಕೂಸು ಕೆಳಗ ಬಿದ್ರ ನೀ ಬರ್ತೀಯೇನು?" ಎಂದು ಅವನನ್ನೇ ಕೇಳಿದರು. ಅವನು ಕಲಿಸಿದ ಮಾತನ್ನೇ ಅವನಿಗೆ ತಿರುಗಿ ಹೇಳಿದರು. ಗಾಡಿ ಮಾರಿದ. ಒಂದು ಜಿನ್ನಿಂಗ್ ಮಿಲ್ಲಿನ ಗೇಟಿನಲ್ಲಿ ಕಾವಲಿಗೆ ನಿಂತ. ಒಂದು ಖೋಲಿ, ಒಂದು ಸ್ಟವ್. ಅರಳೆ ಗಾಡಿಯವರ ಜೊತೆ ಬಿಟ್ಟರೆ ಬೇರೆ ಮಾತಿಲ್ಲ.

ಮುಂದಿನ ಬೇಸಿಗೆಗೆ ನನ್ನ ಬೆಂಚಿನ ಮೇಲೆ ಬಂದು ಕೂತ. "ರಾಯರ, ಒಂದು ಅರ್ಜಿ ಬರದು ಕೊಡ್ರಿ. ಬಾಡಿಗಿ ಗಾಡಿ ಪಾಸಿಂಗ್ ಮಾಡೋವಾಗ ಹಿಂದಿನ ಬಾಗಿಲಾ ಒಳಗಿಂದ ತಗೀತೈತೋ ಇಲ್ಲೋ ನೋಡಬೇಕು. ತಗೀದಿದ್ರ ಪಾಸ್ ಮಾಡಬಾರದು. ಗಾಡಿ ಬಿಟ್ಟು ಹೋಗೋ ಡ್ರೈವರ್ ಹಿಂದಿನ ಸೀಟ್ ನೋಡೇ ಹೋಗಬೇಕು. ಇಷ್ಟ."

ನಾನು ನಕ್ಕೆ. ಖರೇ ಹೇಳುತ್ತೇನೆ, ನಕ್ಕೆ. "ಅಲ್ಲೋ ಹುಚ್ಚೀರಪ್ಪಾ, ಮಕ್ಕಳನ್ನ ನೋಡಿಕೊಳ್ಳೋದು ತಾಯಿ ತಂದಿ ಕೆಲಸ. ಸರಕಾರ ಏನು ಮನಿಮನಿಗೆ ಬಂದು ತೊಟ್ಟಿಲಾ ತೂಗಬೇಕೇನು? ಇವತ್ತು ಕಾರಿಗೆ ಕಾಯಿದೆ ಅಂತಿ, ನಾಳೆ ಬಾವಿಗೆ ಅಂತಿ, ನಾಡಿದ್ದು ಒಲಿಗೆ."

"ಹಾರ್ನ್ ಬಾರಿಸದಿದ್ರ ಪಾಸ್ ಮಾಡೂದಿಲ್ರಿ ಸಾಹೇಬ್ರು," ಎಂದ ಅವನು, ಮೆಲ್ಲಗೆ. "ನಂಬರ್ ಬಣ್ಣ ಮಾಸಿದ್ರ ಹೊಳ್ಳಿ ಕಳಸ್ತಾರ. ಹಾರ್ನ್ ಯಾರ ಸಲುವಾಗಿ? ಹೊರಗಿದ್ದಾವ್ರ ಸಲುವಾಗಿ. ಒಳಗಿದ್ದಾವ್ರ ಸಲುವಾಗಿ ಏನೈತ್ರಿ?"

ಉತ್ತರ ಹೊಳೆಯದಾಗ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ ಬರೆದುಕೊಟ್ಟೆ. ಅವನು ಅದನ್ನು ಹಿಡಿದುಕೊಂಡು ಮೋಟಾರ್ ಆಫೀಸಿಗೆ ಹೋಗಿ, ಮಧ್ಯಾಹ್ನದ ತನಕ ನಿಂತು, ಕೊಟ್ಟು ಬಂದ. ಉತ್ತರ ಬರಲಿಲ್ಲ. ಮತ್ತೆ ಬರೆಸಿದ. ಮೂರನೆಯ ವರ್ಷ ಒಂದು ಕಾಗದ ಬಂತು: ಇಂಥ ನಿಯಮಕ್ಕೆ ಸದ್ಯ ಅವಕಾಶವಿಲ್ಲ. ಅವನು ಅದನ್ನು ನನ್ನಿಂದ ಎರಡು ಸಲ ಓದಿಸಿದ. "ಸದ್ಯ ಅಂದಾರಲ್ರಿ," ಎಂದ. ಆ "ಸದ್ಯ"ದ ಮೇಲೆ ಇನ್ನೂ ನಾಲ್ಕು ವರ್ಷ ನಡೆಸಿದ ಮನುಷ್ಯ ಅವನು.

ನಾಲ್ಕನೆಯ ವರ್ಷವೋ ಏನೋ, ಬರೆಯುತ್ತಿದ್ದಾಗ ನನ್ನ ಕೈ ಹಿಡಿದ. "ರಾಯರ, ಒಂದು ಮಾತು ಯಾರಿಗೂ ಹೇಳಿಲ್ರಿ. ಆ ಕೂಸು ನಿದ್ದ್ಯಾಗ ಹೋಗಿಲ್ಲ. ಹಿಡಿಕಿ ತಗದ ತೂತಿನ್ಯಾಗ ಬಟ್ಟು ಹಾಕಿತ್ರಿ. ಉಗುರು ಕಿತ್ತಿದ್ವು. ಯಾರರ ನೋಡ್ಯಾರು ಅಂತ ನನ್ನ ಟವೆಲ್ಲಿನ್ಯಾಗ ಕೈ ಸುತ್ತಿ, ಹಂಗ ಎತ್ತಿ ಕೊಟ್ಟೆ." ನನ್ನ ಕೈ ಬಿಟ್ಟು, "ಅದನ್ನ ಬರೀಬೇಕೇನ್ರಿ?" ಎಂದ.

"ಬುದ್ಧಿ ಅದನೋ ನಿನಗ? ಆ ತಾಯಿ ಕಿವಿಗೆ ಬಿದ್ದರ ಆಕಿ ಬದುಕತಾಳೇನು?" ಎಂದು ಬೈದೆ. "ನಿದ್ರಾವಸ್ಥೆಯಲ್ಲಿಯೇ" ಎಂದು ಬರೆದೆ. ಮುಂದಿನ ಎಲ್ಲ ಅರ್ಜಿಗಳಲ್ಲೂ ಹಾಗೆಯೇ ಬರೆದೆ. ದೊಡ್ಡ ಉಪಕಾರ ಮಾಡಿದೆನೆಂದು ನನ್ನ ಭಾವನೆ.

ಎಂಬತ್ತೊಂದರಲ್ಲಿ ಆಫೀಸಿಗೆ ಒಬ್ಬ ಹೊಸ ಸಾಹೇಬರು ಬಂದರು. ವಯಸ್ಸು ಚಿಕ್ಕದು, ಕೂತು ಕೇಳುವ ಸ್ವಭಾವ. ಕಡತ ಪೂರ್ತಿ ತಿರುವಿ ಹಾಕಿ, "ನೀವು ಡ್ರೈವರ್. ನೀವು ಬರೆದರೆ ಸ್ಟ್ಯಾಂಡಿನ ಜಗಳ ಅಂತ ಮೇಲಿನವರು ಬದಿಗಿಡುತ್ತಾರೆ. ಕೂಸನ್ನು ಕಳಕೊಂಡವರು ಬರೆದುಕೊಡಲಿ, ನಾನು ಶಿಫಾರಸು ಹಾಕಿ ಬೆಂಗಳೂರಿಗೆ ಕಳಿಸುತ್ತೇನೆ. ನಿದ್ದೆಯಲ್ಲಿ ಹೋಯಿತು ಅಂತೀರಿ, ಹಾಗಾದರೆ ಹಿಡಿಕೆ ಇದ್ದರೂ ಏನಾಗುತ್ತಿತ್ತು ಅಂತ ಮೇಲಿನವರು ಕೇಳಿಯೇ ಕೇಳುತ್ತಾರೆ" ಎಂದರು. ಹುಚ್ಚೀರಪ್ಪ ನನ್ನ ಮುಖ ನೋಡಿದ. ನಾನು ಕನ್ನಡಕ ಒರೆಸಿಕೊಂಡೆ.

ಎರಡು ತಿಂಗಳು ಅವನು ನನ್ನ ಕಡೆ ಸುಳಿಯಲಿಲ್ಲ. ಏಳು ವರ್ಷದಲ್ಲಿ ಶಿಗ್ಲಿಯ ದಾರಿ ತುಳಿದವನಲ್ಲ ಅವನು, ಆ ಊರಿನ ಬಸ್ಸು ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಒಂದು ದಿನ ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ನಿಂತ. "ನಡೀರಿ ರಾಯರ. ನಾ ಒಬ್ಬನ ಹೋದ್ರ ಅಂಗಳದಾಗಿಂದ ಹೊಳ್ಳಿ ಬರ್ತೀನಿ." ಅರ್ಜಿ ತಯಾರು ಮಾಡಿ, ಸಹಿಗೆ ಜಾಗ ಬಿಟ್ಟು, ಚೀಲಕ್ಕೆ ಹಾಕಿಕೊಂಡೆ. ಲಕ್ಷ್ಮೇಶ್ವರದ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು.

ನೀಲಗಂಗವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ಗಂಡ ಹೊಲಕ್ಕೆ ಹೋಗಿದ್ದ, ಅತ್ತೆ ತೀರಿಕೊಂಡು ವರ್ಷವಾಗಿತ್ತು. ಮೂವತ್ತು ದಾಟಿರಲಿಕ್ಕಿಲ್ಲ, ಆದರೆ ಕೂದಲು ಅರ್ಧ ಬಿಳಿ. ಹುಚ್ಚೀರಪ್ಪನ ಗುರುತು ಹತ್ತಿದ್ದು ಅವಳ ಕೈ ನಿಂತದ್ದರಿಂದಲೇ ತಿಳಿಯಿತು. "ಬರ್ರಿ. ಕುಂಡ್ರಿ," ಎಂದಳು. ತಂಬಿಗೆಯಲ್ಲಿ ನೀರು, ಒಂದು ಚೂರು ಬೆಲ್ಲ ತಂದಿಟ್ಟಳು. ಇವನು ನೀರು ಮುಟ್ಟಲಿಲ್ಲ.

ನಾನೇ ಮಾತು ತೆಗೆದೆ. ಹೀಗೆ ಹೀಗೆ, ಇದೊಂದು ನಿಯಮವಾದರೆ ನಾಲ್ಕು ಮಕ್ಕಳ ಜೀವ ಉಳಿದೀತು, ನೀವೊಂದು ಸಹಿ ಹಾಕಬೇಕು ಎಂದೆ. ಅವಳು ನಾಲ್ಕನೆಯ ಇಯತ್ತೆ ಕಲಿತವಳು. ಕಾಗದ ತೆಗೆದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು. "ಸದರಿ ಮಗುವು ವಾಹನದ ಹಿಂಬದಿಯ ಆಸನದಲ್ಲಿ ನಿದ್ರಾವಸ್ಥೆಯಲ್ಲಿಯೇ..." ಬೆರಳು ಅಲ್ಲಿ ನಿಂತಿತು.

"ಇದನ್ನ ಯಾರು ಹೇಳಿದ್ರು?"

"ಎಲ್ಲಾರೂ ಹಂಗ ಹೇಳ್ಯಾರವಾ," ಎಂದೆ ನಾನು.

"ನಿಮ್ಮನ್ನ ಕೇಳಲಿಲ್ರಿ." ಅವಳು ಹುಚ್ಚೀರಪ್ಪನ ಕಡೆ ತಿರುಗಿದಳು. "ಬಾಗಿಲಾ ತಗದಾವ್ರು ನೀವಲ್ಲಾ ಅಣ್ಣಾರ? ನೀವು ಹೇಳ್ರಿ."

ಬೇಡ ಎಂದು ನಾನು ಅವನ ಮೊಣಕಾಲು ಅದುಮಿದೆ. ಅವನು ನೆಲ ನೋಡುತ್ತ, "ಮಲಗಿತ್ರಿ ತಂಗಿ. ನಿದ್ದ್ಯಾಗ ಇತ್ತು..." ಎಂದ. ಅವನ ಧ್ವನಿ ಅವನಿಗೇ ಕೇಳಿಸಿರಲಿಕ್ಕಿಲ್ಲ.

"ಸುಳ್ಳು ಹೇಳಬ್ಯಾಡ್ರಿ," ಎಂದಳು ನೀಲಗಂಗವ್ವ. ಕೂಗಲಿಲ್ಲ. "ನನ್ನ ಮಗಳಿಗೆ ಕಡೀ ಜಳಕಾ ಮಾಡಿಸಿದಾಕಿ ನಾನು. ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ, ನಾನ ಮಾಡಿಸಿದೆ. ಟವೆಲ್ ಬಿಚ್ಚಿದಾಕಿನೂ ನಾನ. ಒಂದೊಂದು ಬಟ್ಟು ನೀರು ಹಾಕಿ ತೊಳದೇನಿ. ನಿದ್ದಿ ಮಾಡೋ ಕೂಸಿನ ಉಗುರು ಹಂಗ ಆಗತಾವೇನ್ರಿ? ಅತ್ತಿ ನಿದ್ದ್ಯಾಗ ಹೋತು ಅಂದ್ರು. ನಮ್ಮ ಮನಿಯಾವ್ರು ಅಂದ್ರು. ಮಠದ ಅಜ್ಜಾರೂ ಅಂದ್ರು. ಹೂಂ ಅಂದೆ. ನಾ ಖರೇ ಹೇಳಿದ್ರ ಅವ್ರು ತಡಕೊಳ್ಳೂದಿಲ್ಲ ಅಂತ ಏಳು ವರ್ಷ ಹೂಂ ಅಂತ ಬಂದೇನಿ. ಈ ಮನ್ಯಾಗ ನನ್ನ ಜೋಡಿ ಯಾರೂ ಇಲ್ರಿ. ಎಲ್ಲಾರೂ ಬ್ಯಾರೇ ಕೂಸಿಗೆ ಅಳತಿದ್ರು, ನಾ ಬ್ಯಾರೇ ಕೂಸಿಗೆ ಅಳತಿದ್ದೆ."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಉಪಕಾರವೆಂದು ಬರೆದ ಆ ಒಂದು ಶಬ್ದ ಅವಳ ಬೆರಳಿನ ಕೆಳಗೇ ಇತ್ತು. ಥೂ, ಎಂಥ ಶಾಣ್ಯಾ ನಾನು! ಸಾಯುವಾಗ ಆ ಕೂಸು ಮಾಡಿದ್ದನ್ನೆಲ್ಲ ನಾನು ಅಳಿಸಿಹಾಕಿದ್ದೆ, ಆ ಅರ್ಜಿಯ ಜೀವವನ್ನೂ ಜೊತೆಗೇ ತೆಗೆದಿದ್ದೆ.

"ನನಗೂ ಗೊತ್ತಿತ್ರಿ ತಂಗಿ," ಎಂದ ಹುಚ್ಚೀರಪ್ಪ. "ಟವೆಲ್ ಸುತ್ತಿದಾವ ನಾನ."

"ಗೊತ್ತು. ಆ ಟವೆಲ್ ನಿಮ್ದು ಅಂತ ಆವತ್ತ ಗೊತ್ತಾತು. ಒಂದು ದಿನ ಬಂದು ಹೇಳತೀರಿ ಅಂತ ಹಾದಿ ನೋಡಿದೆ. ಬರಲಿಲ್ಲ ನೀವು."

ಅವಳು ಕಾಗದವನ್ನು ನನ್ನ ಕಡೆ ನೂಕಿದಳು. "ಇದು ಬ್ಯಾಡ. ಹೊಸಾದು ಬರೀರಿ ರಾಯರ. ಸದರಿ ಪದರಿ ಬ್ಯಾಡ, ಆಕಿ ಹೆಸರು ಬರೀರಿ. ನನ್ನ ಮಗಳು ದಾಕ್ಷಾಯಣಿ ಎಚ್ಚರಿದ್ದಳು. ಬಾಗಿಲಾ ತಗಿಯಾಕ ನೋಡಿದಳು. ಒಳಗ ಹಿಡಿಕಿ ಇರಲಿಲ್ಲ."

ನಾನು ಹೊಸ ಹಾಳೆ ತೆಗೆದೆ. ಅಲ್ಲಿಯ ತನಕ ಅಷ್ಟು ಸಣ್ಣ ವಾಕ್ಯಗಳನ್ನು ನಾನು ಸರಕಾರಕ್ಕೆ ಬರೆದಿರಲಿಲ್ಲ. ಬರೆದೆ.

"ಹಿಡಿಕಿ ತಗಸಿದಾವ್ರು ಯಾರು?" ಎಂದಳು.

"ನಾನ್ರಿ," ಎಂದ ಹುಚ್ಚೀರಪ್ಪ.

"ಅದನ್ನೂ ಬರೀರಿ."

ನಾನು ಪೆನ್ನು ಎತ್ತಿದೆ. "ಅವ್ವಾ, ಅಂವಾ ಬೇಕಂತ ಮಾಡಿಲ್ಲ. ಮಕ್ಕಳು ಬೀಳಬಾರದು ಅಂತ..."

"ಬೇಕಂತ ಮಾಡ್ಯಾರ ಅಂತ ನಾ ಎಲ್ಲಿ ಅಂದೆ?" ಅವಳು ನನ್ನನ್ನು ನೋಡಲೂ ಇಲ್ಲ, ಅವನನ್ನೇ ನೋಡುತ್ತಿದ್ದಳು. "ಹಿಡಿಕಿ ಇದ್ದಿದ್ರ ನನ್ನ ಮಗಳು ಇಳದು ಓಡಿ ನನ್ನ ಹಂತೇಕ ಬರ್ತಿದ್ಲು. ತಗದಾವ್ರು ನೀವು ಅಣ್ಣಾರ. ನಿಮ್ಮಿಂದ ಹೋದ್ಲು ಆಕಿ."

ಹುಚ್ಚೀರಪ್ಪನ ಬಾಯಿಂದ ಒಂದು ಸದ್ದು ಬಂತು. ಎರಡೂ ಕೈ ನೆಲಕ್ಕೆ ಊರಿ, ಶೇಂಗಾ ಸಿಪ್ಪೆಯ ಮೇಲೆ ಹಣೆ ಹಚ್ಚಿ ಅಳತೊಡಗಿದ. ಹೂಳುವ ದಿನ ಅಳದವನು, ನನ್ನ ಬೆಂಚಿನ ಮೇಲೆ ಏಳು ವರ್ಷ ಒಣ ಕಣ್ಣಲ್ಲಿ ಕೂತವನು. ನೀಲಗಂಗವ್ವ ಏಳು ಎನ್ನಲಿಲ್ಲ, ಸಮಾಧಾನದ ಮಾತು ಆಡಲಿಲ್ಲ. ಅವನು ಅಳುವಷ್ಟು ಹೊತ್ತೂ ಅಲ್ಲೇ ಎದುರಿಗೆ ಕೂತಿದ್ದಳು.

"ಬರೀರಿ ರಾಯರ," ಎಂದ ಅವನು ಕಡೆಗೆ, ತಲೆ ಎತ್ತದೆ. "ಆಕಿ ಅಂದಂಗ ಬರೀರಿ." ನಾನು ಬರೆದೆ. ಅವಳು ಸಹಿ ಮಾಡಿದಳು, ಅದರ ಕೆಳಗೆ ಅವನೂ ಮಾಡಿದ.